ಕರಡಿಯ ದಾರಿ ಮತ್ತು ನಮ್ಮ ದಾಖಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಟ್ಟಿಯಲ್ಲಿ ಯಾರಿಗೂ ಕರಡಿಯ ಮೇಲೆ ದ್ವೇಷವಿಲ್ಲ. ಚಿರತೆಯ ಮೇಲೂ ಇಲ್ಲ. ಕೊಂಡುಕುರಿಯ ಮೇಲಂತೂ ಇಲ್ಲವೇ ಇಲ್ಲ. ಅದು ನಮಗಿಂತ ಪುಕ್ಕಲು ಪ್ರಾಣಿ. ಇಷ್ಟನ್ನು ಯಾಕೆ ಮೊದಲೇ ಹೇಳಬೇಕಾಯಿತೆಂದರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಯವನೊಬ್ಬ ವನ್ಯಜೀವಿಧಾಮದ ವಿಚಾರಕ್ಕೆ ಬಾಯಿ ತೆರೆದ ಕೂಡಲೇ ಅವನನ್ನು ಎರಡು ಸಾಲಿನಲ್ಲಿ ಒಂದರಲ್ಲಿ ನಿಲ್ಲಿಸಿಬಿಡುತ್ತಾರೆ. ನೀನು ಕಾಡಿನ ಪರವೋ, ವಿರೋಧವೋ? ಪರ ಎಂದರೆ ಗುಡ್ಡದ ಬುಡದ ಎರಡೂವರೆ ಎಕರೆ ಬಿಟ್ಟು ಹೊರಡು. ವಿರೋಧ ಎಂದರೆ ನೀನು ಕ್ರಷರಿನವನ ಕಡೆಯವನು. ನಮ್ಮಂಥವರಿಗೆ ಈ ಎರಡು ಸಾಲಿನಲ್ಲೂ ಜಾಗವಿಲ್ಲ. ಊರೊಳಗೆ ಹೇಗೆ ನಮ್ಮ ಕೇರಿ ಬೇರೆಯೋ, ಈ ಜಗಳದೊಳಗೂ ನಮ್ಮ ಮಾತು ಬೇರೆ. ಆ ಬೇರೆ ಮಾತನ್ನು ಬರೆಯುತ್ತಿದ್ದೇನೆ.

ಕಾರಿಡಾರ್ ಎಂಬ ಪದ ನಮ್ಮ ಹಟ್ಟಿಗೆ ಹೊಸದಲ್ಲ. ನಮ್ಮವ್ವನಿಗೆ ಕಾರಿಡಾರ್ ಅಂದರೆ ಆಸ್ಪತ್ರೆಯ ಪಡಸಾಲೆ. ಅಪ್ಪನನ್ನು ಸೇರಿಸಿದ್ದಾಗ ಅಲ್ಲಿ ಮೂರು ರಾತ್ರಿ ಚಾಪೆ ಹಾಸಿಕೊಂಡು ಮಲಗಿದ್ದಳು. 'ಕರಡಿ ಚಿರತೆಗಳಿಗೂ ಕಾರಿಡಾರ್ ಬೇಕಂತೆ ಕಣವ್ವ' ಅಂದರೆ, 'ಅವುಕ್ಕೂ ಬೆಡ್ಡು ಸಿಗಲಿಲ್ವೇನಪ್ಪಾ' ಎಂದು ಕೇಳಿದಳು. ನಕ್ಕೆವು. ಆದರೆ ಅವಳ ಮಾತು ತೀರ ತಪ್ಪಲ್ಲ. ಇರುವ ಜಾಗ ಸಾಲದೆ ನಡುವಣ ಓಣಿಯಲ್ಲಿ ಬದುಕುವ ಸ್ಥಿತಿಯೇ ಅದು.

ವಿಷಯ ಇಷ್ಟು. ಜೋಗಿಮಟ್ಟಿಯ ಕಾಡು ಚಿತ್ರದುರ್ಗ ಪಟ್ಟಣದ ಬೆನ್ನಿಗೇ ಇದೆ. ಅಲ್ಲಿಂದ ಗುಡ್ಡದ ಸಾಲು ದಕ್ಷಿಣಕ್ಕೆ ಇಳಿದು, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲೂಕುಗಳ ಅಂಚು ಹಿಡಿದು ಮಾರಿಕಣಿವೆಗೆ ಬರುತ್ತದೆ. ಅಲ್ಲಿ ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುತ್ತದೆ. ನದಿಯ ಆಚೆ ಮತ್ತೆ ಗುಡ್ಡ, ಕುರುಚಲು ಕಾಡು, ಆಮೇಲೆ ಶಿರಾ ತಾಲೂಕಿನ ಬುಕ್ಕಾಪಟ್ಟಣ. 2015ರಲ್ಲಿ ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರನ್ನು ವನ್ಯಜೀವಿಧಾಮ ಎಂದು ಘೋಷಿಸಿದರು. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರಗಳ ಧಾಮವಾಯಿತು. ಈಚಿನ ವರ್ಷಗಳಲ್ಲಿ ಉತ್ತರೆಗುಡ್ಡದ ಹೆಸರೂ ಧಾಮಗಳ ಪಟ್ಟಿಗೆ ಸೇರಿತು. ಬಿಡಿಬಿಡಿಯಾಗಿ ಉಳಿದಿರುವ ಈ ಕಾಡಿನ ತುಂಡುಗಳನ್ನು ಒಂದಕ್ಕೊಂದು ಕೂಡಿಸಬೇಕು ಎಂಬುದು ವಿಜ್ಞಾನಿಗಳ ವಾದ. ತುಂಡು ಕಾಡಿನಲ್ಲಿ ಸಿಕ್ಕಿಬಿದ್ದ ಪ್ರಾಣಿ ತನ್ನ ರಕ್ತದೊಳಗೇ ಕೂಡಿ ಕುಲ ಕೆಡಿಸಿಕೊಳ್ಳುತ್ತದೆ. ಪ್ರಾಯಕ್ಕೆ ಬಂದ ಗಂಡು ಚಿರತೆ ತಾಯಿಯ ಜಾಗ ಬಿಟ್ಟು ಬೇರೆ ನೆಲೆ ಹುಡುಕಲೇಬೇಕು. ದಾರಿ ಸಿಗದಿದ್ದರೆ ಊರಿಗೆ ನುಗ್ಗುತ್ತದೆ ಇಲ್ಲವೇ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕುತ್ತದೆ. ಈ ವಾದ ನನಗೆ ಒಪ್ಪಿಗೆ. ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ಇಷ್ಟು ತಿಳಿಯದೆ ಇಲ್ಲ.

ತಿಳಿಯದಿರುವುದು ಬೇರೆ. ಆ ದಾರಿಯ ನಕ್ಷೆ ಬರೆಯುವಾಗ ನಮ್ಮ ಹಟ್ಟಿ ಮಾತ್ರ ಯಾಕೆ ಕಾಣುವುದಿಲ್ಲ?

ಮಾರಿಕಣಿವೆ ಕಾಡಿನ ಅಂಚಿನಲ್ಲಿರುವ ನಮ್ಮ ಹಟ್ಟಿಯಲ್ಲಿ ಮಾದಿಗರ ಮನೆಗಳೇ ಹೆಚ್ಚು. ಸ್ವಲ್ಪ ದೂರದಲ್ಲಿ ಗೊಲ್ಲರಹಟ್ಟಿ, ಇನ್ನೂ ಆಚೆ ಲಂಬಾಣಿ ತಾಂಡ, ನಾಯಕರ ಮನೆಗಳು. ಊರು ಒಳಗಿದೆ, ನಾವು ಅಂಚಿನಲ್ಲಿದ್ದೇವೆ. ಯಾಕೆ ಅಂಚಿನಲ್ಲಿದ್ದೇವೆ ಎಂದು ನಾನು ಓದುಗರಿಗೆ ಹೇಳಬೇಕಾಗಿಲ್ಲ. ಕೆರೆ ಕೆಳಗಿನ ಎರೆನೆಲ ಊರವರಿಗೆ, ಗುಡ್ಡದ ಬುಡದ ಕಲ್ಲುನೆಲ ನಮಗೆ. ಆ ಕಲ್ಲನ್ನೂ ಆಯ್ದು ಬದು ಹಾಕಿ, ಅಪ್ಪ ಸಾವೆ, ಹುರುಳಿ, ಮಳೆ ಚೆನ್ನಾಗಿ ಬಂದ ವರ್ಷ ರಾಗಿ ಬೆಳೆದ. ಮಿಕ್ಕದ್ದೆಲ್ಲ ಕಾಡಿನದು.

ಕಾಡಿನದು ಎಂದರೆ ಏನು? ಸೌದೆ, ಸೀತಾಫಲ, ಬಾರೆಹಣ್ಣು, ಕಾರೆಹಣ್ಣು, ಈಚಲ ಗರಿ, ಹೊಂಗೆ ಬೀಜ. ಇವೆಲ್ಲಕ್ಕಿಂತ ಮುಖ್ಯವಾಗಿ ತಂಗಡಿ ಚಕ್ಕೆ. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. ತಂಗಡಿಯ ತೊಗಟೆ ಇಲ್ಲದೆ ಚರ್ಮ ಹದವಾಗುವುದಿಲ್ಲ. ನಮ್ಮಜ್ಜ ಸತ್ತ ದನದ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆತ್ತಿ, ತಂಗಡಿ ಚಕ್ಕೆಯ ಕೆಂಪು ನೀರಿನಲ್ಲಿ ದಿನಗಟ್ಟಲೆ ಹದ ಮಾಡುತ್ತಿದ್ದ. ಆ ಚರ್ಮದಿಂದ ಊರವರ ಕಪಿಲೆಗೆ ಬಾನಿ, ಊರವರ ಕಾಲಿಗೆ ಮೆಟ್ಟು, ಊರವರ ಎತ್ತಿಗೆ ಮಿಣಿ. ಅಂದರೆ ಊರಿನ ತೋಟ ಹಸಿರಾದದ್ದು ನಮ್ಮ ಬಾನಿಯ ನೀರಿನಿಂದ. ಆ ಬಾನಿ ಗಟ್ಟಿಯಾದದ್ದು ಈ ಕಾಡಿನ ತಂಗಡಿಯಿಂದ. ಕಾಡಿಗೂ ನಮಗೂ ಏನು ಸಂಬಂಧ ಎಂದು ಕೇಳುವವರು ಮೊದಲು ತಮ್ಮ ತಾತಂದಿರ ಕಾಲಿನ ಮೆಟ್ಟನ್ನು ಕೇಳಲಿ.

ಆ ಕೆಲಸ ಹೋಯಿತು. ಬಾನಿಯ ಜಾಗಕ್ಕೆ ಪಂಪ್‌ಸೆಟ್ ಬಂತು, ಮೆಟ್ಟಿನ ಜಾಗಕ್ಕೆ ಹವಾಯಿ ಚಪ್ಪಲಿ ಬಂತು. ಹೋದದ್ದಕ್ಕೆ ನನಗೆ ದುಃಖವಿಲ್ಲ. ಆ ನಾತ, ಆ ಅವಮಾನ ಮತ್ತೆ ಬೇಡ. ಆದರೆ ಆ ಕೆಲಸದ ಜೊತೆಗೆ ಬಂದಿದ್ದ ಕಾಡಿನ ಹಕ್ಕೂ ಸದ್ದಿಲ್ಲದೆ ಹೋಯಿತು. ಜಾತಿಯ ಕೆಲಸ ಹೋದರೂ ಜಾತಿ ಹೋಗಲಿಲ್ಲ. ಕಾಡು ಅಲ್ಲೇ ಇದ್ದರೂ ಹಕ್ಕು ಉಳಿಯಲಿಲ್ಲ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಬೇಕು. ನಮ್ಮನ್ನು ಹೊಡೆಯುವವರು ಈಗ ದೊಣ್ಣೆ ಹಿಡಿದು ಬರುವುದಿಲ್ಲ, ಕಲಂ ಹಿಡಿದು ಬರುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಒಂದು ಪ್ರದೇಶವನ್ನು ಧಾಮ ಮಾಡಬೇಕಾದರೆ ಸರ್ಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಜಿಲ್ಲಾಧಿಕಾರಿ ಸುತ್ತಣ ಹಳ್ಳಿಗಳಿಗೆ ಅವರ ಭಾಷೆಯಲ್ಲಿ ಸಾರಬೇಕು. ಜನ ಎರಡು ತಿಂಗಳೊಳಗೆ ತಮ್ಮ ಹಕ್ಕು ಇಂಥದ್ದು ಎಂದು ಬರೆದುಕೊಡಬೇಕು. ವಿಚಾರಣೆ ಆಗಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಬಾಗಿಲಿದೆ. ಆ ಪ್ರದೇಶ ಆಗಲೇ ಮೀಸಲು ಅರಣ್ಯವಾಗಿದ್ದರೆ ಈ ವಿಚಾರಣೆಯ ಗೋಜೇ ಬೇಡ, ನೇರವಾಗಿ ಘೋಷಿಸಬಹುದು. ಯಾಕೆ? ಮೀಸಲು ಅರಣ್ಯ ಮಾಡಿದಾಗಲೇ ಎಲ್ಲರ ಹಕ್ಕನ್ನೂ ವಿಚಾರಿಸಿ ಇತ್ಯರ್ಥ ಮಾಡಿ ಆಗಿದೆ ಎಂಬ ನಂಬಿಕೆ.

ಯಾವಾಗ ಆಯಿತು ಆ ಇತ್ಯರ್ಥ? ನಮ್ಮ ಸೀಮೆಯಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಿತ್ತು. 1900ರಲ್ಲಿ ಸಂಸ್ಥಾನದ ಅರಣ್ಯ ಕಾಯಿದೆ ಬಂತು. ಆ ಕಾಯಿದೆಯಡಿ ಅಧಿಕಾರಿ ಬಂದು ಹಕ್ಕುದಾರರು ಇದ್ದರೆ ಹಾಜರಾಗಿ ಎಂದು ಕರೆದಿರಬೇಕು. ಆ ಕರೆಯನ್ನು ತಮಟೆ ಬಡಿದು ಸಾರಿದವನು ನಮ್ಮ ಮುತ್ತಜ್ಜನೇ ಇದ್ದಾನು. ಅದು ಅವನ ಚಾಕರಿ. ಊರೆಲ್ಲ ತಿರುಗಿ 'ಹಕ್ಕಿದ್ದೋರು ಬರ್ರಪ್ಪೋ' ಎಂದು ಕೂಗಿದ ಆ ಮನುಷ್ಯ ತಾನು ಮಾತ್ರ ಕಚೇರಿಯ ಜಗುಲಿ ಹತ್ತುವಂತಿರಲಿಲ್ಲ. ಅಂಗಳದಲ್ಲಿ ಕೈಕಟ್ಟಿ ನಿಂತವನ ಹಕ್ಕನ್ನು ಯಾರು ಕೇಳಿದರು, ಯಾರು ಬರೆದುಕೊಂಡರು? ಕೇಳದೆ ಮುಚ್ಚಿದ ಆ ಕಡತವನ್ನೇ ಇವತ್ತು ನಮ್ಮ ಮುಂದೆ ಹಿಡಿದು, ನಿಮ್ಮ ಹಕ್ಕು ಆವತ್ತೇ ಇತ್ಯರ್ಥವಾಗಿದೆ ಎನ್ನುತ್ತಾರೆ.

ಈ ಅನ್ಯಾಯವನ್ನು ಸರಿಪಡಿಸುವುದಕ್ಕೆಂದೇ 2006ರಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯಿದೆ ಮಾಡಿತು. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಆ ಕಾಯಿದೆ ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ. ಧಾಮದೊಳಗೂ ಆ ಹಕ್ಕು ಸಲ್ಲುತ್ತದೆ. ಹಕ್ಕು ನಿರ್ಧಾರವಾಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದೂ ಬರೆದಿದೆ. ಒಳ್ಳೆಯ ಕಾಯಿದೆ. ಆದರೆ ಅದು ಅರಣ್ಯವಾಸಿಗಳನ್ನು ಎರಡು ಪಂಕ್ತಿ ಮಾಡಿ ಕೂರಿಸಿತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ನೆಲೆಸಿದ್ದರೆ ಸಾಕು. ಮಿಕ್ಕವರೆಲ್ಲ 'ಇತರ ಪಾರಂಪರಿಕ ಅರಣ್ಯವಾಸಿಗಳು'. ಅವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆಯನ್ನು ತೋರಿಸಬೇಕು. ಮಾದಿಗರು, ಹೊಲೆಯರು, ಭೋವಿಗಳು, ಲಂಬಾಣಿಗಳು ಪರಿಶಿಷ್ಟ ಜಾತಿ. ಕಾಡುಗೊಲ್ಲರು ಹಿಂದುಳಿದವರ ಪಟ್ಟಿಯಲ್ಲಿ. ಎಲ್ಲರೂ ಎರಡನೇ ಪಂಕ್ತಿ. ನಾಯಕರಿಗೆ 1991ರಲ್ಲಿ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಳ್ಳೆಯದಾಯಿತು, ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಒಂದೇ ಗುಡ್ಡದ ಬುಡದಲ್ಲಿ ಒಂದೇ ಬರದಲ್ಲಿ ಒಂದೇ ಅಂಬಲಿ ಕುಡಿದವರಲ್ಲಿ ಒಬ್ಬನಿಗೆ ಒಂದು ಅಳತೆ, ಇನ್ನೊಬ್ಬನಿಗೆ ಇನ್ನೊಂದು ಅಳತೆ ಯಾಕೆ ಎಂದಷ್ಟೇ ಕೇಳುತ್ತಿದ್ದೇನೆ.

75 ವರ್ಷ ಹಿಂದಕ್ಕೆ ಹೋದರೆ 1930. ಆ ವರ್ಷದಲ್ಲಿ ನಮ್ಮ ಜನರ ಹೆಸರು ಯಾವ ಪುಸ್ತಕದಲ್ಲಿತ್ತು? ಪಹಣಿಯಲ್ಲಿ ಇರಲಿಲ್ಲ, ನೆಲ ನಮ್ಮದಾಗಿರಲಿಲ್ಲ. ಶಾಲೆಯ ಹಾಜರಿಯಲ್ಲಿ ಇರಲಿಲ್ಲ, ಒಳಗೆ ಬಿಡುತ್ತಿರಲಿಲ್ಲ. ಸಾಹುಕಾರನ ಸಾಲದ ಪುಸ್ತಕದಲ್ಲಿ ಇತ್ತು, ಅದನ್ನು ಅವನು ಕೊಡುವುದಿಲ್ಲ. 1931ರಲ್ಲಿ ಜನಗಣತಿ ನಡೆಯಿತು, ಜಾತಿವಾರು ತಲೆ ಎಣಿಸಿದರು. ಅಚ್ಚಾದ ಪುಸ್ತಕದಲ್ಲಿ ಉಳಿದದ್ದು ಸಂಖ್ಯೆ, ಹೆಸರಲ್ಲ.

ನಮ್ಮಪ್ಪನ ಅರ್ಜಿಯ ಕಥೆ ಹೇಳುತ್ತೇನೆ, ಯಾಕೆಂದರೆ ಹಟ್ಟಿಯ ಎಲ್ಲರ ಕಥೆಯೂ ಅದೇ. 1991ರಲ್ಲಿ ಸರ್ಕಾರ ಬಗರ್ ಹುಕುಂ ಸಾಗುವಳಿದಾರರಿಂದ ನಮೂನೆ 50 ಕರೆಯಿತು. ಅಪ್ಪ ಹಾಕಿದ. 'ಇದು ಅರಣ್ಯದ ಜಮೀನು, ನಮಗೆ ಬರುವುದಿಲ್ಲ' ಅಂದರು. ಆಮೇಲೆ ನಮೂನೆ 53 ಬಂತು. ಅದನ್ನೂ ಹಾಕಿದ. ಅದೇ ಉತ್ತರ. ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ, ಅರಣ್ಯ ಅಂತ ನೀವೇ ಹೇಳಿದಿರಲ್ಲ ಎಂದು ಈ ಕಡೆ ಅರ್ಜಿ ಹಾಕಿಸಿದೆ. ಇಲ್ಲಿ 75 ವರ್ಷದ ದಾಖಲೆ ಕೇಳಿದರು. ಕಂದಾಯದವರಿಗೆ ಅದು ಕಾಡು, ಕಾಡಿನವರಿಗೆ ನಾವು ಒತ್ತುವರಿದಾರರು. ಎರಡು ಕಚೇರಿಯ ನಡುವಿನ ಓಣಿಯೇ ನಮ್ಮಪ್ಪನ ಕಾರಿಡಾರ್.

ಕಾಯಿದೆಯ ನಿಯಮದಲ್ಲಿ ಕಾಗದವೇ ಬೇಕೆಂದಿಲ್ಲ. ಹಿರಿಯರ ಹೇಳಿಕೆ ಸಾಕ್ಷಿಯಾಗುತ್ತದೆ. ಹಳೆಯ ಬಾವಿ, ಬದು, ಗುಡಿ, ಸ್ಮಶಾನ ಸಾಕ್ಷಿಯಾಗುತ್ತದೆ. ಇವುಗಳಲ್ಲಿ ಎರಡು ಬಗೆಯ ಸಾಕ್ಷಿ ಸಾಕು. 75 ವರ್ಷ ಅದೇ ತುಂಡು ನೆಲ ಉತ್ತಿರಬೇಕೆಂದೂ ಇಲ್ಲ. ಆ ಸೀಮೆಯಲ್ಲಿ ಮೂರು ತಲೆಮಾರು ಕಾಡನ್ನು ನೆಚ್ಚಿ ನೆಲೆಸಿದ್ದರೆ ಸಾಕು. ಇದನ್ನು ಕೇಂದ್ರದ ಬುಡಕಟ್ಟು ಮಂತ್ರಾಲಯವೇ ಬಿಡಿಸಿ ಹೇಳಿದೆ. ಆದರೆ ಮೇಜಿನ ಆಚೆ ಕೂತವರಿಗೆ ಮುದ್ರೆ ಇಲ್ಲದ ಮಾತು ಮಾತಲ್ಲ.

ವಿಚಾರಣೆಯ ದಿನ ಅಪ್ಪ ಬಿಳೀ ಪಂಚೆ ಉಟ್ಟುಕೊಂಡು ಬಂದಿದ್ದ.

'ಎಷ್ಟು ವಯಸ್ಸು?'

'ಮಾರಿಕಣಿವೆ ಕೋಡಿ ಬಿದ್ದೊರ್ಸ ಹುಟ್ಟಿದೋನು ಸ್ವಾಮಿ.'

ಒಬ್ಬರು ನಕ್ಕರು. ಇನ್ನೊಬ್ಬರು ಬುದ್ಧಿವಂತರು, ಲೆಕ್ಕ ಹಾಕಿದರು. ಡ್ಯಾಮು ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು ಒಂದೇ ಸಲ, 1933ರಲ್ಲಿ.

'1933 ಆಯ್ತಲ್ಲಯ್ಯ. ಕಾನೂನಿನ ಪ್ರಕಾರ 1930 ಆಗಬೇಕು. ಮೂರು ವರ್ಷ ಕಮ್ಮಿ ಬೀಳುತ್ತೆ.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: 'ನಮ್ಮವ್ವ ನನ್ನ ಹೆರೋವಾಗ ಎಲ್ಲಿದ್ಲು ಸ್ವಾಮಿ? ಆಕಾಸದಾಗಿದ್ಲಾ?'

ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆರು ತಿಂಗಳ ಮೇಲೆ ಒಂದು ಚೀಟಿ ಬಂತು, ದಾಖಲೆ ಇಲ್ಲದ ಕಾರಣ ಅರ್ಜಿ ತಿರಸ್ಕರಿಸಿದೆ ಎಂದು. ಕರ್ನಾಟಕದಲ್ಲಿ ಹೀಗೆ ತಿರಸ್ಕೃತವಾದ ಅರ್ಜಿಗಳು ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಎಂದು 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಲೆಕ್ಕ ಬಂತು; ಅವುಗಳಲ್ಲಿ ಬಹುಪಾಲು ಎರಡನೇ ಪಂಕ್ತಿಯವರದು. ಆ ವರ್ಷ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಎಬ್ಬಿಸಿ ಎಂದು ಕೋರ್ಟು ರಾಜ್ಯಗಳಿಗೆ ಹೇಳಿತು. ದೇಶದ ತುಂಬ ಗದ್ದಲವಾಗಿ, 28ನೇ ತಾರೀಖು ಆ ಆದೇಶವನ್ನು ತಡೆಹಿಡಿಯಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಇದ್ದಿದ್ದರೆ ಆ ಹದಿನೈದು ದಿನ ಅನ್ನ ಇಳಿಯುತ್ತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. 89 ವರ್ಷದ ಮೇಲೆ. ಜನ ಜಾತ್ರೆಯಂತೆ ಹೋದರು. 1933ರಲ್ಲಿ ಕೋಡಿ ಬಿದ್ದಿತ್ತು ಎಂದು ಎಲ್ಲ ಪತ್ರಿಕೆಗಳೂ ಬರೆದವು. ನಮ್ಮಜ್ಜಿ ಮಗನಿಗೆ ಹೇಳಿದ್ದ ವರ್ಷ ಸುಳ್ಳಲ್ಲ ಎಂಬುದಕ್ಕೆ ಇಡೀ ರಾಜ್ಯದ ಪತ್ರಿಕೆಗಳು ಸಾಕ್ಷಿ ನುಡಿದವು. ಆ ಕಚೇರಿಗೆ ಮಾತ್ರ ಅದು ಮುಟ್ಟಲಿಲ್ಲ.

ಸ್ಮಶಾನದ ಮಾತು ಹೇಳಿದೆನಲ್ಲ. ಊರಿನ ಸ್ಮಶಾನದಲ್ಲಿ ನಮಗೆ ಜಾಗವಿರಲಿಲ್ಲ. ನಮ್ಮ ಹೆಣಗಳನ್ನು ಗುಡ್ಡದ ಬುಡದಲ್ಲಿ, ತಂಗಡಿ ಗಿಡಗಳ ನಡುವೆ ಹೂಳುತ್ತ ಬಂದಿದ್ದೇವೆ. ಅಜ್ಜನ ಗುಂಡಿಯ ಮೇಲೆ ಮೂರು ಕಲ್ಲು, ಅಜ್ಜಿಯ ಮೇಲೆ ಎರಡು, ಅವರ ಅಪ್ಪಅವ್ವಂದಿರದು ಮಣ್ಣಿಗೆ ಮಣ್ಣಾಗಿ ಗುರುತಿಗೊಂದು ಜಾಲಿ ಮರ. 2014ರಲ್ಲಿ ಅಪ್ಪನನ್ನೂ ಅಲ್ಲೇ ಇಟ್ಟೆವು. ಅಸ್ಪೃಶ್ಯತೆ ನಮ್ಮನ್ನು ಕಾಡಿಗೆ ತಳ್ಳಿತು; ಆ ತಳ್ಳಿದ್ದೇ ನಮ್ಮ 75 ವರ್ಷದ ದಾಖಲೆ. ನಿಯಮದಲ್ಲಿ ಸ್ಮಶಾನ ಎಂಬ ಪದ ಸ್ಪಷ್ಟವಾಗಿದೆ. ಬಂದು ನೋಡಿ ಎಂದು ಎಷ್ಟು ಸಲ ಬರೆದುಕೊಟ್ಟರೂ ಯಾರೂ ಗುಡ್ಡ ಹತ್ತಲಿಲ್ಲ. ಈಗ ಆ ಗುಡ್ಡದ ಮೇಲೆ ಬಣ್ಣ ಬಳಿದ ನಕ್ಷೆ ಮಾತ್ರ ಬಂದಿದೆ.

ಇನ್ನು ಆ ನಕ್ಷೆಯ ಬಣ್ಣ ಯಾರಿಗೆ ಹೇಗೆ ಕಾಣುತ್ತದೆ ನೋಡಿ.

ನಮ್ಮ ಗುಡ್ಡದ ಸಾಲು ಬರೀ ಕಾಡಿನ ಸಾಲಲ್ಲ, ಅದಿರಿನ ಸಾಲೂ ಹೌದು. ಭೂಗರ್ಭದವರು ಚಿತ್ರದುರ್ಗ ಶಿಲಾಪಟ್ಟಿ ಎಂದು ಕರೆಯುವುದು ಇದನ್ನೇ. ಕಬ್ಬಿಣ, ಮ್ಯಾಂಗನೀಸು, ಇಂಗಳದಾಳಿನ ತಾಮ್ರ, ಎಲ್ಲ ಇದೇ ಬೆನ್ನಿನಲ್ಲಿ. ಉಳುವುದಕ್ಕೆ ಬಾರದ ಗಟ್ಟಿ ಕಲ್ಲು, ಹಾಗಾಗಿ ಕಾಡು ಉಳಿಯಿತು. ಕಲ್ಲು ಗಟ್ಟಿ, ಹಾಗಾಗಿ ಅದಿರೂ ಇತ್ತು. ಕರಡಿಯ ದಾರಿಯೂ ಲಾರಿಯ ದಾರಿಯೂ ಒಂದೇ ಆಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಕೆಂಪು ದೂಳು ಮುಸುಕಿದ ಅಡಿಕೆ ತೋಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಬಿಟ್ಟಿತು. ಎರಡೂ ಜಿಲ್ಲೆ ಸೇರಿ ವರ್ಷಕ್ಕೆ 50 ಲಕ್ಷ ಟನ್. 2017ರಲ್ಲಿ ಅದು 70 ಲಕ್ಷವಾಯಿತು. 2022ರಲ್ಲಿ 1 ಕೋಟಿ 50 ಲಕ್ಷ. ಹತ್ತು ವರ್ಷದಲ್ಲಿ ಮೂರು ಪಟ್ಟು. ಅದೇ ಕಾಲದಲ್ಲಿ ನಮ್ಮ ಹಟ್ಟಿಯ ಒಂದೇ ಒಂದು ಅರ್ಜಿ ಮುಂದಕ್ಕೆ ಹೋಗಲಿಲ್ಲ.

ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತವು. ಒಂದೊಂದಕ್ಕೂ ಟ್ರೈಲರ್ ಹತ್ತುವಷ್ಟು ಅಗಲದ ರಸ್ತೆ ಕೊರೆದರು. ಹಿರಿಯೂರಿನಿಂದ ಐಮಂಗಲದ ಮೇಲೆ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ಅಗಲವಾಗುತ್ತಲೇ ಬಂತು. ಪಕ್ಕದ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲನ್ನು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೂ ವಿಜ್ಞಾನ ಮಂದಿರಕ್ಕೂ ಹಂಚಿ ಗೋಡೆ ಕಟ್ಟಿದರು. ಅಲ್ಲಿಯ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ತನಕ ಕೂಗಿದ ಸುದ್ದಿ ಗೊತ್ತೇ ಇದೆ.

ಇವುಗಳ ಹೆಸರುಗಳನ್ನು ಗಮನಿಸಿ. ಗಣಿಯದು 'ಗುತ್ತಿಗೆ'. ಗಾಳಿಯಂತ್ರದ್ದು 'ಅರಣ್ಯೇತರ ಬಳಕೆ'. ಹೆದ್ದಾರಿಯದು 'ಸಾರ್ವಜನಿಕ ಹಿತ'. ಡ್ಯಾಮಿನದು 'ಅಭಿವೃದ್ಧಿ'. ಗೋಡೆಯದು 'ದೇಶರಕ್ಷಣೆ'. ನಮ್ಮಪ್ಪನ ಎರಡೂವರೆ ಎಕರೆ ಹುರುಳಿ ಹೊಲದ್ದು 'ಒತ್ತುವರಿ'. ಒಂದೇ ಕಾಡು, ಆರು ಹೆಸರು. ಜಾತಿಯೆಂಬುದು ಮನುಷ್ಯರಿಗಷ್ಟೇ ಅಲ್ಲ, ಅವರು ಮೆಟ್ಟಿದ ನೆಲಕ್ಕೂ ಅಂಟುತ್ತದೆ.

ಇದನ್ನೆಲ್ಲ ಕಂಡು ಧಾಮದ ವಿರುದ್ಧ ಹೋರಾಟ ಶುರುವಾದಾಗ ನಮ್ಮ ಹಟ್ಟಿಯ ಹುಡುಗರಿಗೂ ರಕ್ತ ಕುದಿಯಿತು. ಒಂದು ದಿನ ತಾಲೂಕು ಪಟ್ಟಣದಲ್ಲಿ ಧರಣಿ ಇದೆ, ಬನ್ನಿ ಎಂದು ಟ್ರ್ಯಾಕ್ಟರ್ ಕಳಿಸಿದರು. ನಾನೂ ಹೋದೆ. ಮುಂದಾಳುಗಳಾಗಿ ನಿಂತವರನ್ನು ನೋಡಿದೆ. ನೂರು ಎಕರೆ ತೋಟದವರೊಬ್ಬರು, ಅವರ ತೋಟದ ಹಿಂದಿನ ಬೇಲಿ ವರ್ಷವರ್ಷ ಗುಡ್ಡದ ಕಡೆ ನಡೆಯುತ್ತದೆ. ಕಲ್ಲು ಕ್ವಾರಿಯವರೊಬ್ಬರು. ನಮ್ಮವರಿಗೆ ಇವತ್ತಿಗೂ ದೇವಸ್ಥಾನದ ಬಾಗಿಲು ತೆರೆಯದ ಊರಿನ ಯಜಮಾನರೊಬ್ಬರು. 'ನಿಮ್ಮ ಹಟ್ಟಿ ಹೆಣ್ಮಕ್ಕಳು ಮುಂದೆ ಕೂತ್ಕೊಳ್ಲಿ, ಪೇಪರ್ನೋರು ಬತ್ತಾರೆ' ಎಂದರು. ನಮ್ಮ ಹೆಂಗಸರು ಬಿಸಿಲಿನಲ್ಲಿ ಮುಂದೆ ಕೂತರು, ಅವರು ಶಾಮಿಯಾನದ ಕೆಳಗೆ ಹಿಂದೆ ಕೂತರು. ಎಲ್ಲರಿಗೂ ಕಾಗದದ ಲೋಟದಲ್ಲಿ ಟೀ ಕೊಟ್ಟರು. ಬೇರೆ ಲೋಟ ಇಡುವ ಕಷ್ಟವನ್ನು ಕಾಗದದ ಲೋಟ ತಪ್ಪಿಸಿದೆ.

ಬೇಡಿಕೆಪಟ್ಟಿ ಓದಿದರು. ಧಾಮ ಬೇಡ. ಧಾಮದ ಸುತ್ತಣ ಸೂಕ್ಷ್ಮವಲಯ ಬೇಡ. ಕಟ್ಟಡಕ್ಕೆ, ಕ್ವಾರಿಗೆ, ಬೋರ್‌ವೆಲ್ಲಿಗೆ ತಡೆ ಬೇಡ. ನಾನು ಎದ್ದು ಕೇಳಿದೆ: 'ಹಟ್ಟಿಯವರ ಅರಣ್ಯ ಹಕ್ಕು ಅರ್ಜಿಗಳನ್ನು ಮತ್ತೆ ವಿಚಾರಣೆ ಮಾಡಬೇಕು ಅನ್ನೋದನ್ನೂ ಸೇರಿಸಿ.' 'ಅದೆಲ್ಲ ಆಮೇಲೆ ಮಾಸ್ತರೇ, ಈಗ ಒಗ್ಗಟ್ಟು ಮುಖ್ಯ' ಎಂದರು. ಈ ಆಮೇಲೆ ಎಂಬ ಮಾತನ್ನು ನಾವು ಸ್ವಾತಂತ್ರ್ಯ ಬಂದಾಗಿನಿಂದ ಕೇಳುತ್ತಿದ್ದೇವೆ. ಧಾಮ ರದ್ದಾದರೆ ಅವರ ಬೇಲಿ ಇನ್ನೂ ಮೇಲಕ್ಕೆ ನಡೆಯುತ್ತದೆ, ಕ್ವಾರಿಯ ಸಿಡಿಮದ್ದು ಇನ್ನೂ ಹತ್ತಿರ ಬರುತ್ತದೆ. ನಮ್ಮ ಹುರುಳಿ ಹೊಲ ಅವತ್ತೂ ನಮ್ಮದಾಗುವುದಿಲ್ಲ. ಕರಡಿಯನ್ನು ಓಡಿಸಿದ ಕೈಯೇ ಆಮೇಲೆ ನಮ್ಮನ್ನು ಓಡಿಸುತ್ತದೆ. ಆದ್ದರಿಂದ ನಮ್ಮ ವಿರೋಧ ಅವರ ವಿರೋಧವಲ್ಲ. ಮುಂದಿನ ಸಲ ಟ್ರ್ಯಾಕ್ಟರ್ ಬಂದಾಗ ಹಟ್ಟಿಯಿಂದ ಯಾರೂ ಹತ್ತಲಿಲ್ಲ.

ಹಾಗೆಂದು ಕಾಡಿನ ಗೆಳೆಯರ ಮಾತಿಗೂ ನಾವು ತಲೆಯಾಡಿಸುವುದಿಲ್ಲ. ಅವರಲ್ಲಿ ಒಳ್ಳೆಯವರಿದ್ದಾರೆ, ಬಿಸಿಲಿನಲ್ಲಿ ಗುಡ್ಡ ಸುತ್ತಿ ಕ್ಯಾಮೆರಾ ಕಟ್ಟಿ ಚಿರತೆ ಎಣಿಸುತ್ತಾರೆ. ಕುರಿಮೇಕೆ ಚಿಗುರು ತಿನ್ನುತ್ತವೆ ಎಂದು ಹೇಳುತ್ತಾರೆ, ನಿಜ, ತಿನ್ನುತ್ತವೆ. ಹುಲ್ಲಿಗೆ ಹಚ್ಚಿದ ಬೆಂಕಿ ಗುಡ್ಡ ಸುಡುತ್ತದೆ ಎನ್ನುತ್ತಾರೆ, ಅದೂ ನಿಜ. ಇದನ್ನು ನಮ್ಮ ಜೊತೆ ಕೂತು ಮಾತಾಡಬಹುದಿತ್ತು. ನಮ್ಮ ಹಟ್ಟಿಯ ಒಬ್ಬಾಕೆ ಸೀತಾಫಲ ಕೀಳಲು ಹೋಗಿ ಕರಡಿಯ ಕೈಗೆ ಸಿಕ್ಕಿ ಒಂದು ಕಣ್ಣು ಕಳಕೊಂಡಳು. ಅವಳನ್ನು ಕೇಳಿದರೆ, 'ಅದುರ ಹೊಟ್ಟೆಗೆ ಅದು ಬಂದಿತ್ತು, ನನ್ನ ಹೊಟ್ಟೆಗೆ ನಾನು ಹೋಗಿದ್ದೆ' ಎನ್ನುತ್ತಾಳೆ. ಸಹಬಾಳ್ವೆಯ ಮೇಲೆ ಭಾಷಣ ಮಾಡುವವರು ಈ ಮಾತಿಗಿಂತ ಹೆಚ್ಚೇನು ಹೇಳಬಲ್ಲರು? ಆದರೆ ಧಾಮವಾದ ಮೇಲೆ ಕುರಿಮೇಕೆ ಬಿಡುವುದೂ ಹಣ್ಣು ಕಿತ್ತು ಮಾರುವುದೂ ಅಧಿಕಾರಿಯ ಮರ್ಜಿ. ಧಾಮಗಳಿಂದ ಒಣಮರವನ್ನೂ ಹುಲ್ಲನ್ನೂ ತೆಗೆಯಕೂಡದೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಅವಳು ಆ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೆದ್ದಾರಿಯ ಬದಿಯಲ್ಲಿ ಕೂತರೆ ಅಪರಾಧಿ. ಕರಡಿ ಅವಳ ಕಣ್ಣು ತೆಗೆಯಿತು, ಕಾನೂನು ಅವಳ ಬುಟ್ಟಿ ತೆಗೆಯಿತು.

ಬೇರೆ ದಾರಿ ಇಲ್ಲವೇ? ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಕೊಟ್ಟರು. ಅದು ಹುಲಿ ಮೀಸಲು ಪ್ರದೇಶ. ಹಕ್ಕು ಕೊಟ್ಟ ಮೇಲೆ ಹುಲಿ ಓಡಿಹೋಗಲಿಲ್ಲ. ಅದಕ್ಕಾಗಿ ಸೋಲಿಗರು ವರ್ಷಗಟ್ಟಲೆ ಹೋರಾಡಿದರು, ಈಗಲೂ ಹೋರಾಡುತ್ತಿದ್ದಾರೆ. ಕಾಡನ್ನೂ ಕಾಡುಪ್ರಾಣಿಯನ್ನೂ ಕಾಯುವ ಅಧಿಕಾರ ಗ್ರಾಮಸಭೆಗೂ ಇದೆ ಎಂದು ಅರಣ್ಯ ಹಕ್ಕು ಕಾಯಿದೆಯ ಐದನೇ ಕಲಮೇ ಹೇಳುತ್ತದೆ. ಹುಲಿ ಇರುವ ಕಡೆ ಆಗುವುದು ಕರಡಿ ಇರುವ ಕಡೆ ಯಾಕೆ ಆಗಬಾರದು? ಸೋಲಿಗರಿಗೆ ಸಲ್ಲುವುದು ಮಾದಿಗರಿಗೆ, ಗೊಲ್ಲರಿಗೆ, ಲಂಬಾಣಿಗರಿಗೆ ಯಾಕೆ ಸಲ್ಲಬಾರದು?

ನಮ್ಮ ಹಟ್ಟಿಯವರು ಕೇಳುವುದು ನಾಲ್ಕೇ ಮಾತು. ಒಂದು, ದಾರಿಯ ನಕ್ಷೆಗೆ ಮೊದಲು ಹಕ್ಕಿನ ನಕ್ಷೆ ಆಗಲಿ. ತಿರಸ್ಕೃತ ಅರ್ಜಿಗಳನ್ನು ಮತ್ತೆ ತೆರೆದು ಹಿರಿಯರ ಹೇಳಿಕೆಯನ್ನೂ ಗುಡ್ಡದ ಗೋರಿಗಳನ್ನೂ ಸಾಕ್ಷಿಯೆಂದು ಬರೆದುಕೊಳ್ಳಿ. ಎರಡು, ಗ್ರಾಮಸಭೆ ಊರಿನ ದೇವಸ್ಥಾನದ ಕಟ್ಟೆಯ ಮೇಲೆ ಬೇಡ. ಹಟ್ಟಿಯಲ್ಲಿ ನಡೆಯಲಿ, ಅಲ್ಲಿ ನಮ್ಮ ಹೆಂಗಸರು ಬಾಯಿ ಬಿಡುತ್ತಾರೆ. ಮೂರು, ದಾರಿಗೆ ಅಡ್ಡವಾಗಿರುವ ಗಣಿ, ಕ್ವಾರಿ, ಗಾಳಿಯಂತ್ರದ ರಸ್ತೆ, ದೊಡ್ಡ ತೋಟಗಳ ಬೇಲಿ, ಇವುಗಳ ಪಟ್ಟಿಯನ್ನು ನಮ್ಮ ಪಟ್ಟಿಯ ಜೊತೆಗೇ ಅಚ್ಚು ಹಾಕಿ; ಎಕರೆಗೆ ಎಕರೆ ತೂಗಿ ನೋಡೋಣ. ನಾಲ್ಕು, ಕಾಡು ಕಾಯುವ ಕೆಲಸಕ್ಕೆ ಜನ ಬೇಕಲ್ಲವೇ, ದಿನಗೂಲಿಗೆ ಹೊರಗಿನವರನ್ನು ತರುವ ಬದಲು ಈ ಗುಡ್ಡದ ಒಂದೊಂದು ಕಲ್ಲೂ ಗೊತ್ತಿರುವ ನಮ್ಮ ಹುಡುಗರಿಗೆ ಕಾಯಂ ಕೆಲಸ ಕೊಡಿ.

ಹೋದ ತಿಂಗಳು ಹಟ್ಟಿಯ ಹುಡುಗ ಹುಡುಗಿಯರು ಒಂದು ಕೆಲಸ ಶುರುಮಾಡಿದ್ದಾರೆ. ಮೊಬೈಲು ಹಿಡಿದು ಗುಡ್ಡ ಹತ್ತಿ, ಒಂದೊಂದು ಗೋರಿಯ ಜಾಗವನ್ನೂ ಅಕ್ಷಾಂಶ ರೇಖಾಂಶದ ಸಮೇತ ಗುರುತು ಮಾಡುತ್ತಿದ್ದಾರೆ. ಮುದುಕಿಯರು ಕಲ್ಲು ತೋರಿಸಿ ಹೆಸರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಇದುವರೆಗೆ ಅರವತ್ತೇಳು ಆಗಿದೆ. ಯಾವ ಪಹಣಿಗೂ ಸೇರದ ಹೆಸರುಗಳು ಮೊದಲ ಸಲ ಕಾಗದಕ್ಕೆ ಬರುತ್ತಿವೆ. ಪಟ್ಟಿ ಮುಗಿದ ಮೇಲೆ ಗ್ರಾಮಸಭೆಯ ಠರಾವು ಮಾಡಿಸಿ ಮೂರು ಪ್ರತಿ ಕಳಿಸುತ್ತೇವೆ. ಒಂದು ಜಿಲ್ಲಾಧಿಕಾರಿಗೆ, ಒಂದು ಅರಣ್ಯ ಇಲಾಖೆಗೆ, ಒಂದು ಆ ಧರಣಿಯ ಮುಂದಾಳುಗಳಿಗೆ. ಗುಡ್ಡದ ಬುಡದಲ್ಲಿ ಯಾರು ಯಾವಾಗಿನಿಂದ ಇದ್ದಾರೆ ಎಂಬುದು ಅವರೂ ಓದಿಕೊಳ್ಳಬೇಕು.